ಸೂಲಗಿತ್ತಿ ಸಾಯಮ್ಮ ಕೇಳುತ್ತಿದ್ದ ಮೊದಲ ಮಾತು

ರಾಯಿಕೋಡಿನಿಂದ ನಾರಾಯಣಖೇಡದ ಹಾದಿ ಹಿಡಿದು ಎರಡು ಹರದಾರಿ ನಡೆದರೆ ಸಿಗುವ ಆ ಊರಿನಲ್ಲಿ ಸಾಯಮ್ಮಂದಿರು ಮೂವರು. ಒಬ್ಬಳು ಕೆರೆ ದಂಡೆಯ ಸಾಯಮ್ಮ, ಒಬ್ಬಳು ಹಾಡುವ ಸಾಯಮ್ಮ, ಮೂರನೆಯವಳು ಉಚ್ಚಿ ಸಾಯಮ್ಮ. ನಗುವವರು ನಗಲಿ. ಊರವರೂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕವರೇ. ತಮ್ಮ ಮನೆಯ ಹೆಣ್ಣಿಗೆ ನೋವು ಬಂದಾಗ ಅದೇ ಜನ ಅವಳ ಗುಡಿಸಲ ಮುಂದೆ ಬಂದು, ಜಲ್ದಿ ಬಾ ತಾಯಿ ಎಂದು ಕೈಮುಗಿದು ನಿಂತರು.

ಅವಳು ಸೂಲಗಿತ್ತಿ. ಹೆರಿಗೆಯ ಮನೆಗೆ ಕಾಲಿಟ್ಟವಳೇ ಬಸುರಿಯ ನಾಡಿ ಹಿಡಿಯುತ್ತಿರಲಿಲ್ಲ, ದೇವರ ಹೆಸರು ಹೇಳುತ್ತಿರಲಿಲ್ಲ, ಎಷ್ಟು ಹೊತ್ತಾಯಿತು ಎಂದೂ ಕೇಳುತ್ತಿರಲಿಲ್ಲ. ‘ಉಚ್ಚಿ ಹೊಯ್ದಿ ಏನು ಮಗಳ?’ ಎಂಬುದೇ ಅವಳ ಮೊದಲ ಮಾತು. ಪಡಸಾಲೆಯಲ್ಲಿದ್ದ ಗಂಡಸರು ಕೆಮ್ಮಿ ಹೊರಗೆ ನಡೆಯುತ್ತಿದ್ದರು, ಅತ್ತೆಯಂದಿರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವಳು ಮಾತ್ರ ಜವಾಬು ಸಿಗುವ ತನಕ ಬಿಡುತ್ತಿರಲಿಲ್ಲ. ಆ ಮಾತು ಅವಳ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಅವಳ ತಂಗಿ ದ್ರೌಪದಿ ಕೊಟ್ಟ ಬೆಲೆ ದೊಡ್ಡದು.

ಸಾಯಮ್ಮ ಹುಟ್ಟಿದ್ದು, ಸೇರಿದ್ದು ಎರಡೂ ತೊಗಲಿನ ಕೆಲಸದ ಕೇರಿಯೇ. ಊರಲ್ಲಿ ದನ ಸತ್ತರೆ ಎಳೆದುಕೊಂಡು ಹೋಗುವುದು, ಸುಲಿಯುವುದು, ತೊಗಲನ್ನು ಸುಣ್ಣದ ಗುಂಡಿಯಲ್ಲೂ ತಂಗಡಿ ತೊಗಟೆಯ ನೀರಿನಲ್ಲೂ ನೆನೆಹಾಕಿ ಹದ ಮಾಡುವುದು ಅವರ ಪಾಲಿನ ಕೆಲಸ. ಗಂಡ ಕಿಷ್ಟಪ್ಪ ಮೋಟ ಹೊಲಿಯುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾದವನು. ಮೋಟ ಎಂದರೆ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ದೊಡ್ಡ ತೊಗಲಿನ ಚೀಲ. ಅದರ ತಳಕ್ಕೆ ಸೊಂಡಿಲಿನಂಥ ಒಂದು ಕಿರಿದಾದ ಬಾಯಿ. ಮೇಲೇರುವಾಗ ಆ ಸೊಂಡಿಲು ಸಣ್ಣ ಹಗ್ಗಕ್ಕೆ ಸಿಕ್ಕು ಮಡಿಚಿಕೊಂಡಿರುತ್ತದೆ, ದಂಡೆ ಮುಟ್ಟಿದಾಗ ಬಿಚ್ಚಿಕೊಂಡು ಗಳಗಳ ಸುರಿಯುತ್ತದೆ. ಕಿಷ್ಟಪ್ಪ ಹೊಲಿದ ಮೋಟ ಒಂದು ಹನಿ ಸೋರಿದರೂ ಅವನಿಗೆ ಆ ದಿನ ಅನ್ನ ಇಳಿಯುತ್ತಿರಲಿಲ್ಲ.

ಸಾಯಮ್ಮನಿಗೆ ಸೂಲಗಿತ್ತಿತನ ಬಂದದ್ದು ಅತ್ತೆ ಲಚ್ಚಮ್ಮನಿಂದ. ಲಚ್ಚಮ್ಮನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಹೊಕ್ಕುಳ ಬಳ್ಳಿ ಎಷ್ಟು ಬಿಟ್ಟು ಕೊಯ್ಯಬೇಕು, ಮಾಸು ಬೀಳುವ ತನಕ ಹೇಗೆ ಕಾಯಬೇಕು, ಎಲ್ಲವನ್ನೂ ಬೈಯುತ್ತಲೇ ಕಲಿಸಿದಳು. ಅದರ ಜೊತೆಗೆ ತನ್ನ ಅತ್ತೆ ತನಗೆ ಕಲಿಸಿದ್ದ ಒಂದು ಮಾತನ್ನೂ ಕಲಿಸಿದಳು: ನೋವು ಸುರುವಾದ ಮೇಲೆ ಹೆಣ್ಣು ಎದ್ದು ಹೊರಕಡೆಗೆ ಹೋಗಬಾರದು, ಹೋದರೆ ಕೂಸು ತಿರುಗಿ ಮೇಲಕ್ಕೆ ಏರುತ್ತದೆ. ಅತ್ತೆಯ ಮಾತು ವೇದ. ಸಾಯಮ್ಮ ಸೆರಗಿಗೆ ಗಂಟು ಹಾಕಿಕೊಂಡಳು.

ಲಚ್ಚಮ್ಮ ತೀರಿಕೊಂಡ ಮರುವರ್ಷ ದ್ರೌಪದಿಗೆ ಚೊಚ್ಚಲ ಹೆರಿಗೆ. ಕಿಷ್ಟಪ್ಪನ ದೊಡ್ಡಪ್ಪನ ಮಗನಿಗೇ ಅವಳನ್ನು ಕೊಟ್ಟಿದ್ದರು, ಹೀಗಾಗಿ ಅಕ್ಕತಂಗಿಯರು ಒಂದೇ ಕೇರಿಯಲ್ಲಿ. ದ್ರೌಪದಿಗೆ ಹದಿನೇಳು. ಬೆನ್ನಿಗೆ ಬಿದ್ದ ತಂಗಿ, ಸಾಯಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೊದಲ ದಿನ ಸಂಜೆ ಅವಳು, ‘ಅಕ್ಕಾ, ಹೊರಗ ಹೋಗಬೇಕಾಗ್ಯಾದ’ ಎಂದಳು. ‘ತಡಕೊ ತಂಗಿ’ ಎಂದಳು ಸಾಯಮ್ಮ. ರಾತ್ರಿಯಲ್ಲಿ ಎರಡು ಸಲ ಕೇಳಿದಳು, ಎರಡು ಸಲವೂ ಅದೇ ಉತ್ತರ. ಮರುದಿನ ಕೇಳುವುದನ್ನೇ ಬಿಟ್ಟಳು. ಸದ್ಯ, ಹುಡುಗಿಗೆ ಬುದ್ಧಿ ಬಂತು ಎಂದುಕೊಂಡಳು ಅಕ್ಕ. ಮೂರನೆಯ ದಿನ ಮಧ್ಯಾಹ್ನ ಕೂಸು ಹೊರಬಂತು, ಜೀವ ಇರಲಿಲ್ಲ.

ಕೂಸು ಹೋದರೂ ತಾಯಿ ಉಳಿದಳಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಎಂಟನೆಯ ದಿನ ದ್ರೌಪದಿಯ ಹಾಸಿಗೆ ಒದ್ದೆಯಾಯಿತು. ಒಂಬತ್ತನೆಯ ದಿನವೂ. ಆಮೇಲೆ ಅದು ನಿಲ್ಲಲೇ ಇಲ್ಲ. ಕೂತರೆ ಹನಿ, ನಿಂತರೆ ಹನಿ, ನಡೆದರೆ ಹಾದಿಯುದ್ದಕ್ಕೂ ಹನಿ. ಅವಳಿಗೆ ಉಚ್ಚೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ, ತಡೆಯುವ ಮಾತೆಲ್ಲಿ ಬಂತು. ತೊಗಲಿನ ಗುಂಡಿಯ ವಾಸನೆಯಲ್ಲಿ ಹುಟ್ಟಿ ಬೆಳೆದ ಕೇರಿಯ ಮಕ್ಕಳು ಕೂಡ ಅವಳನ್ನು ಕಂಡರೆ ಮೂಗು ಮುಚ್ಚಿಕೊಳ್ಳತೊಡಗಿದವು. ಆರು ತಿಂಗಳಿಗೆ ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಹಿರಿಯರು ಹೋದ ಜನ್ಮದ ಪಾಪ ಎಂದು ಒಂದು ಮಾತಿನಲ್ಲಿ ಕೈತೊಳೆದುಕೊಂಡರು. ಕಿಷ್ಟಪ್ಪ ತನ್ನ ಗುಡಿಸಲ ಪಕ್ಕದಲ್ಲಿ, ಕೇರಿಯ ಅಂಚಿನ ಬೇವಿನ ಮರದ ಕೆಳಗೆ ಒಂದು ಸಣ್ಣ ಗುಡಿಸಲು ಹಾಕಿಕೊಟ್ಟ. ದ್ರೌಪದಿ ಅಲ್ಲಿಗೆ ಬಂದಳು. ಮರದ ಬುಡದಲ್ಲಿ ಒಂದು ಹಾಸುಗಲ್ಲು ಇತ್ತು. ದಿನವೆಲ್ಲ ಅದರ ಮೇಲೆ ಕೂತು ಅರಿವೆ ಒಗೆದು ಹಿಂಡಿ ಹರವುವುದೇ ಅವಳ ಬದುಕಾಯಿತು.

ಸಾಯಮ್ಮನಿಗೆ ಪಾಪದ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹದಿನೇಳರ ಹುಡುಗಿ, ಇರುವೆ ತುಳಿದರೂ ಅಯ್ಯೋ ಅನ್ನುವವಳು, ಅವಳೆಂಥ ಪಾಪ ಮಾಡಿದ್ದಾಳು? ಮೂರು ದಿನ ತಡೆದುಕೊಂಡವಳ ಆ ಶಕ್ತಿ ಎಲ್ಲಿ ಹೋಯಿತು? ನೀರು ಹಾದಿ ತಪ್ಪಿ ಬರುತ್ತಿದೆ ಎಂಬುದಷ್ಟೇ ಅವಳಿಗೆ ಗೊತ್ತು. ಹಾದಿ ಎಲ್ಲಿ ಒಡೆಯಿತು ಎಂಬುದು ಗೊತ್ತಿಲ್ಲ. ಯಾರನ್ನು ಕೇಳುವುದು? ಇನ್ನೊಬ್ಬಳ ಹೆರಿಗೆಗೆ ಕರೆದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಊರ ನಡುವಿನ ದೊಡ್ಡ ಮನೆಯ ಕರಿ ಎಮ್ಮೆ ಈಯಲಾರದೆ ಸತ್ತಿತು. ಕರುವಿನ ತಲೆ ಸಿಕ್ಕಿಕೊಂಡು ಎರಡು ದಿನ ಒದ್ದಾಡಿ ಪ್ರಾಣ ಬಿಟ್ಟಿತ್ತು. ಕಿಷ್ಟಪ್ಪ ಅದನ್ನು ಹಳ್ಳದ ದಂಡೆಗೆ ಎಳೆತಂದು ಸುಲಿದ. ಕರುಳು ತೊಳೆಯಲು ಬಂದ ಹೆಂಗಸರನ್ನು ಸಾಯಮ್ಮ ದೂರ ನಿಲ್ಲಿಸಿ, ಹೊಟ್ಟೆಯನ್ನು ನಿಧಾನವಾಗಿ ಬಿಚ್ಚು, ಒಂದನ್ನೂ ಕೀಳಬೇಡ ಎಂದು ಗಂಡನಿಗೆ ಹೇಳಿದಳು.

‘ಏನ್ ಹುಡುಕಾಕತ್ತೀ?’ ಎಂದ ಅವನು.

‘ದ್ರೌಪದಿನ್ನ’ ಎಂದಳು ಅವಳು.

ಅವನು ಕತ್ತಿಯ ಬೆನ್ನಿನಿಂದ ಒಂದೊಂದೇ ಪದರ ಸರಿಸುತ್ತ ಹೋದ. ಹುಟ್ಟಿದಂದಿನಿಂದ ಕಂಡ ಕರುಳು, ಕಾಳಿಜಗಳನ್ನು ಸಾಯಮ್ಮ ಅವತ್ತೇ ಮೊದಲ ಸಲ ನೋಡಿದಳು. ಬೆನ್ನೆಲುಬಿಗೆ ಅಂಟಿಕೊಂಡು, ಕೊಬ್ಬಿನ ಒಳಗೆ ಹುದುಗಿ, ಎಡಕ್ಕೊಂದು ಬಲಕ್ಕೊಂದು ಗುರ್ದಾ, ಅಂದರೆ ಮೂತ್ರಪಿಂಡ. ಮೇಕೆಯದು ಅವರೆಕಾಳಿನಂತೆ ನುಣ್ಣಗಿರುತ್ತದೆ, ಎಮ್ಮೆಯದು ಗಂಟುಗಂಟಾಗಿ ಗೊಂಚಲಿನ ಹಾಗೆ. ಬೆರಳು ದಪ್ಪದ ರಕ್ತದ ನರ ಒಂದು ನೇರ ಅದರೊಳಗೆ ಹೋಗುತ್ತದೆ. ಆದರೆ ಅದರಿಂದ ಇಳಿದು ಬರುವ ಇನ್ನೊಂದು ತೆಳು ನಾಳದಲ್ಲಿ ರಕ್ತವಿಲ್ಲ. ಅವಳು ಗುರ್ದಾವನ್ನು ಮೆಲ್ಲಗೆ ಅದುಮಿದಳು. ನಾಳದ ತುದಿಯಿಂದ ಒಂದು ಹನಿ ಹಳದಿ ನೀರು ಬಿತ್ತು. ಮೂಸಿ ನೋಡಿದಳು. ಅದೇ.

ರಕ್ತ ಒಳಗೆ ಹೋಗುತ್ತದೆ, ಸೋಸಿದ ಬೇಡದ ನೀರು ಹೊರಗೆ ಬರುತ್ತದೆ. ಹುಣಸೆ ರಸವನ್ನು ಅರಿವೆಯಲ್ಲಿ ಸೋಸಿದ ಹಾಗೆ, ಆದರೆ ಸೋಸುವ ಕೈ ಎಂದೂ ನಿಲ್ಲುವುದಿಲ್ಲ. ಉಂಡರೂ ಸೋಸುತ್ತವೆ, ಮಲಗಿದರೂ ಸೋಸುತ್ತವೆ. ಎರಡೂ ನಾಳಗಳನ್ನು ಹಿಡಿದು ಅವಳ ಬೆರಳು ಕೆಳಗಿಳಿಯಿತು. ಎರಡೂ ಒಂದೇ ಚೀಲಕ್ಕೆ ಹೋಗಿ ಸೇರಿದವು. ಆ ಚೀಲ ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವಳೂ ದ್ರೌಪದಿಯೂ ಅದನ್ನೇ ತೊಳೆದು ಊದಿ ಚೆಂಡು ಮಾಡಿ ಆಡಿದ್ದರು. ಖಾಲಿಯಿದ್ದಾಗ ಮುದುರಿದ ಕೈಚೀಲದಷ್ಟು, ತುಂಬಿದರೆ ಕೊಡದಷ್ಟು. ಹೊರಹೋಗಲು ಕೆಳಗೆ ಒಂದೇ ಒಂದು ಕಿರಿದಾದ ಕುತ್ತಿಗೆ, ಥೇಟ್ ಕಿಷ್ಟಪ್ಪನ ಮೋಟದ ಸೊಂಡಿಲು.

ಸತ್ತ ಎಮ್ಮೆಯಲ್ಲಿ ಆ ಚೀಲ ತಮಟೆಯ ಹಾಗೆ ಬಿಗಿದು ನಿಂತಿತ್ತು. ಕರುವಿನ ತಲೆ ಒಂದು ಕಡೆ, ಸೊಂಟದ ಎಲುಬು ಇನ್ನೊಂದು ಕಡೆ, ನಡುವೆ ಚೀಲದ ಕುತ್ತಿಗೆ ಸಿಕ್ಕಿ ಅಪ್ಪಚ್ಚಿ. ಒತ್ತು ಬಿದ್ದ ಜಾಗ ಕಪ್ಪಗೆ ನೀಲಿಗಟ್ಟಿತ್ತು. ಕಿಷ್ಟಪ್ಪ ಬಗ್ಗಿ ನೋಡಿ, ಇನ್ನೆರಡು ದಿನ ಬದುಕಿದ್ದರೆ ಇಲ್ಲಿ ಕೊಳೆತು ತೂತು ಬೀಳುತ್ತಿತ್ತು ಎಂದ. ತೊಗಲಿನವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನೆನೆಹಾಕಿದ ತೊಗಲಿನ ಮೇಲೆ ಹೇರಿದ ಕಲ್ಲಿನ ಅಂಚು ಒಂದೇ ಕಡೆ ಒತ್ತಿದರೆ ಅಲ್ಲಿಗೆ ತೊಗಟೆಯ ನೀರು ಇಳಿಯುವುದಿಲ್ಲ, ನಾಲ್ಕು ದಿನಕ್ಕೆ ಆ ಜಾಗದಲ್ಲಿ ಬೆರಳು ಒತ್ತಿದರೆ ಆರಪಾರಾಗಿ ತೂರಿಹೋಗುತ್ತದೆ. ಹಿಂದಿನ ವರ್ಷ ಹೀಗೇ ಒಂದು ಒಳ್ಳೆಯ ತೊಗಲು ಕೆಟ್ಟಿತ್ತು.

ಸಾಯಮ್ಮ ಹಳ್ಳದ ಮರಳಿನಲ್ಲಿ ಕೂತುಬಿಟ್ಟಳು. ಚೀಲ ತುಂಬಿದ್ದಕ್ಕೇ ಕೂಸಿನ ತಲೆಗೆ ಇಳಿಯಲು ಜಾಗ ಇರಲಿಲ್ಲ. ತಲೆ ನಿಂತಲ್ಲೇ ನಿಂತಿದ್ದಕ್ಕೇ ಚೀಲ ಖಾಲಿಯಾಗಲು ಹಾದಿ ಇರಲಿಲ್ಲ. ಒಂದಕ್ಕೊಂದು ಬಾಗಿಲು ಹಾಕಿಕೊಂಡು ಕೂತಿದ್ದವು. ಬಾಗಿಲು ತೆರೆದಿದ್ದಾಗ, ಮೊದಲ ದಿನದ ಸಂಜೆ, ತಂಗಿ ಬಾಯಿ ಬಿಟ್ಟು ಕೇಳಿದ್ದಳು. ತಡಕೊ ಎಂದವಳು ತಾನು. ದ್ರೌಪದಿಗೆ ಇದನ್ನು ಹೇಳಬೇಕು ಎಂದುಕೊಂಡು ಮನೆಗೆ ಬಂದಳು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಒಂಬತ್ತು ವರ್ಷ ಕಳೆದಳು.

ಅಂದಿನಿಂದಲೇ ಆ ಮೊದಲ ಮಾತು ಸುರುವಾದದ್ದು. ಕೇರಿಯ ಹೆಣ್ಣುಗಳನ್ನು ನೋವಿನ ನಡುವೆಯೇ ರೆಟ್ಟೆ ಹಿಡಿದು ಎಬ್ಬಿಸಿ ಬೇಲಿಯ ಮರೆಗೆ ನಡೆಸುತ್ತಿದ್ದಳು, ಏಳಲಾರದವರಿಗೆ ಮಣ್ಣಿನ ಗಡಿಗೆ ಇಡುತ್ತಿದ್ದಳು. ಕೂಸು ಮೇಲೇರುತ್ತದೆ ಎಂದು ಮುದುಕಿಯರು ಬಾಯಿ ಬಡಿದುಕೊಂಡರು. ಒಂದು ಕೂಸೂ ಏರಲಿಲ್ಲ. ಕೇರಿ ದಾಟಿ ಕುರುಬರ ಓಣಿಯಿಂದ ಕರೆ ಬಂತು, ಆಮೇಲೆ ಒಕ್ಕಲಿಗರ ಓಣಿಯಿಂದ. ಅಡ್ಡಹೆಸರೂ ಜೊತೆಗೇ ಬಂತು.

ನಿಜಾಮ ಸರ್ಕಾರದ ಲೆಕ್ಕದ ಫಸಲಿ ಸಾವಿರದ ಮುನ್ನೂರ ನಲವತ್ತೆಂಟರ ಭಾದ್ರಪದದಲ್ಲಿ ದೊಡ್ಡ ಮನೆಯಿಂದಲೇ ಕರೆ ಬಂತು, ಆ ಕರಿ ಎಮ್ಮೆಯ ಮನೆಯಿಂದ. ಅಲ್ಲಿ ಯಜಮಾನಿಕೆ ಗುರುಲಿಂಗಮ್ಮನದು. ಐವತ್ತರ ಹತ್ತಿರದ ವಿಧವೆ, ಮನ್ಮಥಪ್ಪ ಒಬ್ಬನೇ ಮಗ. ಗುರುಲಿಂಗಮ್ಮನ ಆಚಾರ ಸುತ್ತಲಿನ ಊರುಗಳಲ್ಲಿ ಮಾತಾಗಿತ್ತು. ದಿನಕ್ಕೆ ಮೂರು ಸಲ ಸ್ನಾನ, ಮೂರು ಸಲ ಲಿಂಗಪೂಜೆ, ಹೋದಲ್ಲೆಲ್ಲ ಲೋಬಾನದ ಹೊಗೆ. ಯಾರ ಮನೆಯ ಚಾಪೆಯ ಮೇಲೂ ಕೂರುತ್ತಿರಲಿಲ್ಲ. ಮದುವೆಗೆ ಕರೆದರೆ ಬಾಗಿಲಲ್ಲೇ ನಿಂತು ಅಕ್ಷತೆ ಹಾಕಿ ತಿರುಗಿ ಬರುತ್ತಿದ್ದಳು. ಮಠದ ಅಯ್ಯನವರೇ ಅವಳನ್ನು ಶರಣೆ ಎನ್ನುತ್ತಿದ್ದರು.

ಮನ್ಮಥಪ್ಪನ ಹೆಂಡತಿ ಪಾರ್ವತಿಬಾಯಿ ತಾಂಡೂರ ಕಡೆಯ ಹುಡುಗಿ, ಹತ್ತೊಂಬತ್ತು ವರ್ಷ. ಮೊದಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆ ಸಲದ ಮಳೆಗೆ ಎರೆಮಣ್ಣಿನ ಹಾದಿ ಕೆಸರಿನ ಮಡುವಾಗಿ ಬಂಡಿ ಹೂಡಲಾಗದೆ ಉಳಿದಿದ್ದಳು. ಜಹೀರಾಬಾದಿನ ದವಾಖಾನೆಯೂ ಅದೇ ಕೆಸರಿನ ಆಚೆಗೆ. ನೋವು ಹಿಂದಿನ ಸಂಜೆ ಸುರುವಾಗಿತ್ತು. ಸಾಯಮ್ಮನನ್ನು ಕರೆದದ್ದು ಮರುದಿನ ಹೊತ್ತು ಮಾರುದ್ದ ಏರಿದ ಮೇಲೆ.

ನಮ್ಮಲ್ಲಿ ಹೆರಿಗೆಗೆ ಸೂತಕ ಇಲ್ಲ ಎಂದು ಆ ಮನೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅದು ನಿಜವೇ, ದೇವರ ಮನೆಗೆ ಹೊಂದಿದ ಖೋಲಿಯಲ್ಲೇ ಸೊಸೆಯನ್ನು ಮಲಗಿಸಿದ್ದರು. ಸೂತಕವಿಲ್ಲದ ಆ ಮನೆಗೆ ಸಾಯಮ್ಮ ಮಾತ್ರ ಹಿತ್ತಲ ಬಾಗಿಲಿನಿಂದ ಬರಬೇಕಿತ್ತು, ಅದು ಬೇರೆ ಮಾತು. ಬಂದು ತನ್ನ ಮೊದಲ ಮಾತು ಕೇಳಿದಳು. ಪಾರ್ವತಿಬಾಯಿ ಅತ್ತೆಯ ಮುಖ ನೋಡಿದಳು.

ನಿನ್ನೆ ಸಂಜೆಯಿಂದ ಇಲ್ಲವಂತೆ. ಕುಡಿದದ್ದು ಮಾತ್ರ ಲೆಕ್ಕವಿಲ್ಲ. ಅಯ್ಯನವರ ಪಾದೋದಕ, ಜೀರಿಗೆ ಕಷಾಯ, ತುಪ್ಪ ಹಾಕಿದ ಬಿಸಿನೀರು, ಗಂಟೆಗೊಂದರಂತೆ. ಹುಡುಗಿಯ ಕೊರಳಲ್ಲಿ ತನ್ನ ಲಿಂಗದ ಜೊತೆಗೆ ಇನ್ನೊಂದು ಲಿಂಗ ಇತ್ತು. ಎಂಟನೆಯ ತಿಂಗಳಲ್ಲಿ ಗರ್ಭದ ಕೂಸಿಗೆಂದು ಗುರುಗಳು ಕಟ್ಟಿದ್ದು, ಕೂಸು ಹುಟ್ಟುವ ತನಕ ತಾಯಿಯೇ ಹೊರಬೇಕು. ಎರಡು ಲಿಂಗ ಮೈಮೇಲೆ, ಗೋಡೆಯ ಆಚೆಗೆ ದೇವರು. ಅಂಥ ಖೋಲಿಯಲ್ಲಿ ಆ ಕೆಲಸ ಮಾಡಿಸಬಹುದೇ ಎಂದು ಗುರುಲಿಂಗಮ್ಮ ಕೇಳಿದಳು. ಹಿತ್ತಲಿಗೆ ಕರೆದೊಯ್ಯುತ್ತೇನೆ ಎಂದಳು ಸಾಯಮ್ಮ. ಎದ್ದರೆ ಕೂಸು ಮೇಲೇರುತ್ತದೆ ಎಂಬುದು ಸೂಲಗಿತ್ತಿಗೇ ಗೊತ್ತಿಲ್ಲವೇ ಎಂದು ಗುರುಲಿಂಗಮ್ಮ ಲೋಬಾನಕ್ಕೆ ಇನ್ನಷ್ಟು ಪುಡಿ ಹಾಕಿದಳು.

ಸಾಯಮ್ಮ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಹೊಕ್ಕುಳ ಕೆಳಗೆ ಒಂದು ಅಡ್ಡ ತಗ್ಗು. ತಗ್ಗಿನ ಮೇಲೆ ಕೂಸು, ತಗ್ಗಿನ ಕೆಳಗೆ ಮೆತ್ತನೆಯ ಇನ್ನೊಂದು ಉಬ್ಬು. ಅಲ್ಲಿ ಒತ್ತಿದರೆ ಹುಡುಗಿ ಹಲ್ಲು ಕಚ್ಚುತ್ತಿದ್ದಳು. ಕೂಸಿನ ತಲೆ ಇನ್ನೂ ಮೇಲೆ ನಿಂತಿತ್ತು. ಒಂಬತ್ತು ವರ್ಷದ ಹಿಂದೆ ದ್ರೌಪದಿಯ ಹೊಟ್ಟೆ ಹೀಗೇ ಇತ್ತು. ಆಗ ಇದೇ ಕೈ ಅದರ ಮೇಲೆ ಆಡಿತ್ತು, ಕುರುಡು ಕೈ.

ಮಧ್ಯಾಹ್ನದ ತನಕ ಅವಳು ಬಗೆಬಗೆಯಾಗಿ ಬೇಡಿಕೊಂಡಳು. ಹೊಲದ ಮೋಟದ ಮಾತು ಹೇಳಿ ತಿಳಿಸಿದಳು. ಹೊಟ್ಟೆಯೊಳಗೆ ಹಾಗೇ ಒಂದು ಚೀಲ ಇದೆ, ಮೇಲಿನಿಂದ ಎರಡು ಗುರ್ದಾ ಹನಿಹನಿಯಾಗಿ ಅದನ್ನು ತುಂಬುತ್ತಲೇ ಇರುತ್ತವೆ, ನೀವು ತಡೆ ಎಂದರೂ ಅವು ಕೇಳುವುದಿಲ್ಲ, ತುಂಬಿದ ಚೀಲ ಕೂಸಿನ ಹಾದಿಗೆ ಅಡ್ಡ ಕೂತಿದೆ ಎಂದಳು. ಮೂರನೆಯ ಸಲ ಹೇಳಿದಾಗ ಗುರುಲಿಂಗಮ್ಮ ಅವಳನ್ನು ನೆಟ್ಟ ನೋಟದಿಂದ ನೋಡಿದಳು.

‘ಹೊಟ್ಟಿ ಒಳಗಿಂದು ನೀ ಹ್ಯಾಂಗ ಕಂಡಿ?’

ದೇವರ ಗೋಡೆಗೆ ಹೊಂದಿದ ಆ ಖೋಲಿಯಲ್ಲಿ, ಎರಡು ಲಿಂಗಗಳ ಎದುರಿಗೆ, ಸತ್ತ ದನದ ಮಾತು ಆಡಿದರೆ ಏನಾಗುತ್ತದೆಂದು ಸಾಯಮ್ಮನಿಗೆ ಗೊತ್ತಿತ್ತು. ಮನ್ಮಥಪ್ಪನ ಆಳುಗಳು ಹಿತ್ತಲ ತನಕ ಅಟ್ಟುತ್ತಾರೆ. ಆ ಮನೆಯ ಮೋಟದ ಕೆಲಸ ನಾಳೆಯೇ ಕಿಷ್ಟಪ್ಪನ ಕೈ ತಪ್ಪುತ್ತದೆ. ಯಾರೋ ಮುದುಕಿ ಹೇಳಿದಳು ಎಂದು ಸುಳ್ಳು ಹೇಳಬಹುದಿತ್ತು, ಸುಳ್ಳಿನ ಮಾತಿಗೆ ಈ ಹೆಂಗಸು ಮಣಿಯುವುದಿಲ್ಲ. ಹಾಸಿಗೆಯ ಮೇಲಿನ ಹುಡುಗಿ ಈಗ ಏನನ್ನೂ ಕೇಳುತ್ತಿರಲಿಲ್ಲ. ದ್ರೌಪದಿಯೂ ಎರಡನೆಯ ದಿನ ಹೀಗೇ ಸುಮ್ಮನಾಗಿದ್ದಳು.

‘ನಿಮ್ಮ ಕರಿ ಎಮ್ಮಿ ಈಯಲಾರದ ಸತ್ತಿತ್ತಲ್ರಿ ಅವ್ವಾರ,’ ಎಂದಳು ಸಾಯಮ್ಮ. ‘ಅದರ ಹೊಟ್ಟ್ಯಾಗ ಕಂಡೀನಿ. ಹೊರಗ ಹಾಕಾದಿದ್ರ ಹಾಕ್ರಿ. ಖರೇ ಪೂರಾ ಕೇಳಿ ಹಾಕ್ರಿ. ನನ್ನ ತಂಗಿ ಹೆರಾಕ ಕೂತಾಗ ನಾನೇ ತಡಕೊ ಅಂದೆ. ಮೂರು ದಿನ ತಡಕೊಂಡ್ಳು. ಕೂಸಿನ ತಲಿ ಒತ್ತಿ ಚೀಲ ಕೊಳತು ತೂತು ಬಿತ್ತು. ಅವತ್ತಿನಿಂದ ಸೋರಾಕತ್ತ್ಯಾದ. ಊರೆಲ್ಲ ಅಕಿ ಪಾಪ ಅಂತದ. ಅಕಿ ಪಾಪ ಅಲ್ರಿ ಅದು, ತೂತು.’

ಗುರುಲಿಂಗಮ್ಮನ ಕೈಯಲ್ಲಿದ್ದ ಲೋಬಾನದ ಧೂಪಾರತಿ ವಾಲಿ ಕೆಂಡ ಒಂದು ನೆಲಕ್ಕೆ ಬಿತ್ತು. ಬೈಗುಳಕ್ಕೆ ಕಾದು ನಿಂತಿದ್ದಳು ಸಾಯಮ್ಮ. ಬೈಗುಳ ಬರಲಿಲ್ಲ. ಹಾಗೆ ತೂತು ಬೀಳಲು ಮೂರು ದಿನವೇ ಬೇಕೇ ಎಂದು ಗುರುಲಿಂಗಮ್ಮ ಸಣ್ಣ ದನಿಯಲ್ಲಿ ಕೇಳಿದಳು. ಒಬ್ಬೊಬ್ಬರಿಗೆ ಎರಡೇ ದಿನ ಸಾಕು, ತೂತು ಸಣ್ಣದಿದ್ದರೆ ಸೋರುವುದೂ ಸಣ್ಣಗೆ ಎಂದಳು ಸಾಯಮ್ಮ. ಗುರುಲಿಂಗಮ್ಮ ಕೆಂಡವನ್ನು ಕಾಲಿನಿಂದಲೇ ಸರಿಸಿ ಎದ್ದು ಹೋದಳು. ದೇವರ ಮನೆಯ ಬಾಗಿಲು ಎಳೆದು ಹಾಕಿದ ಸಪ್ಪಳ ಕೇಳಿಸಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಬಚ್ಚಲಿನ ಅಗಲ ಬಾಯಿಯ ತಾಮ್ರದ ಪಾತ್ರೆ, ಪರಾತ, ಇತ್ತು. ಅದನ್ನು ನೆಲದ ಮೇಲಿಟ್ಟು, ಸೊಸೆಯ ಹೆಗಲ ಕೆಳಗೆ ಕೈಕೊಟ್ಟು ತಾನೇ ಎಬ್ಬಿಸಿದಳು.

‘ಲಿಂಗಕ್ಕ ನಾ ಜವಾಬು ಹೇಳ್ತೀನಿ, ಪಾರ್ವತಿ. ನೀ ಹೊಯ್ಯಿ.’

ಅಷ್ಟು ಹೊತ್ತು ಕಟ್ಟಿದ್ದು ಹೇಳಿದ ಕೂಡಲೇ ಬರುತ್ತದೆಯೇ? ಹುಡುಗಿ ತುದಿಗಾಲಲ್ಲಿ ಕೂತು ಅತ್ತಳು, ಬರಲಿಲ್ಲ. ಸಾಯಮ್ಮ ಹೊಟ್ಟೆಯ ಕೆಳಗೆ ಬಿಸಿನೀರು ಎರೆದಳು. ಒಂದು ತಂಬಿಗೆಯಿಂದ ಇನ್ನೊಂದಕ್ಕೆ ನೀರು ಸುರಿದು ಆ ಸದ್ದು ಕೇಳಿಸಿದಳು. ಕೊನೆಗೆ ನೋವು ಬಿಟ್ಟ ಹೊತ್ತು ನೋಡಿ, ಎಣ್ಣೆ ಸವರಿದ ಎರಡು ಬೆರಳಿನಿಂದ ಕೂಸಿನ ತಲೆಯನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಹಿಡಿದಳು. ಎಲುಬಿಗೂ ತಲೆಗೂ ನಡುವೆ ಅಪ್ಪಚ್ಚಿಯಾಗಿದ್ದ ಕುತ್ತಿಗೆ ಸಡಿಲಾಯಿತು. ಮೊದಲು ನಾಲ್ಕು ಹನಿ, ಆಮೇಲೆ ಧಾರೆ. ಪರಾತ ತುಂಬಿತು. ಗುರುಲಿಂಗಮ್ಮನೇ ಅದನ್ನು ಎತ್ತಿಕೊಂಡು ಹೋಗಿ ಚೆಲ್ಲಿ ಬಂದಳು, ಮತ್ತೆ ಅರ್ಧ ತುಂಬಿತು. ಸಾಯಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಅಡ್ಡ ತಗ್ಗು ಹೋಗಿತ್ತು. ಮುಂದಿನ ನೋವಿಗೇ ತಲೆ ಇಳಿಯತೊಡಗಿತು.

ದನ ಮನೆಗೆ ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಸೊಸೆಯ ಕೊರಳಿನ ಎರಡನೆಯ ಲಿಂಗವನ್ನು ಬಿಚ್ಚಿ ಗುರುಲಿಂಗಮ್ಮ ಮೊಮ್ಮಗಳಿಗೆ ಕಟ್ಟಿದಳು.

ಮನೆಯವರಿಗೆ ಅಲ್ಲಿಗೆ ಎಲ್ಲ ಮುಗಿದಂತೆ. ಸಾಯಮ್ಮನಿಗೆ ಮುಗಿದಿರಲಿಲ್ಲ. ಒತ್ತು ಬಿದ್ದ ಜಾಗ ಕೊಳೆಯುವುದು ಆಮೇಲೆ, ದ್ರೌಪದಿಗೆ ಸೋರಲು ಸುರುವಾದದ್ದು ಎಂಟನೆಯ ದಿನ. ಹತ್ತು ದಿನ ಬೆಳಿಗ್ಗೆ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಬಂದು ಬಾಣಂತಿಯ ಹಾಸಿಗೆ ಮುಟ್ಟಿ ನೋಡಿದಳು. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿಯನ್ನು ಮುರಿಸಿ ಹೊಟ್ಟೆ ತುಂಬ ಕುಡಿಸಿದಳು, ಎರಡು ತಾಸಿಗೊಮ್ಮೆ ಚೀಲ ಖಾಲಿ ಮಾಡಿಸಿದಳು. ಗುರುಲಿಂಗಮ್ಮ ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಎಂಟನೆಯ ದಿನವೂ ಹಾಸಿಗೆ ಒಣಗಿಯೇ ಇತ್ತು. ಹತ್ತನೆಯ ದಿನ ಪಾರ್ವತಿಬಾಯಿ ತಾನೇ ಹಿತ್ತಲಿಗೆ ನಡೆದು ಹೋಗಿ ತಿರುಗಿ ಬಂದಳು, ಸೀರೆಯ ಮೇಲೆ ಒಂದು ಹನಿಯ ಕಲೆ ಇರಲಿಲ್ಲ. ಸಾಯಮ್ಮ ಗೋಡೆಗೆ ಹಣೆಯಿಟ್ಟು ಅತ್ತಳು. ಖುಷಿಗೆ ಅತ್ತಳು, ಇದೇ ಅರಿವು ದ್ರೌಪದಿಯ ಹೆರಿಗೆಗಿಂತ ಮೊದಲು ಬರಲಿಲ್ಲವಲ್ಲ ಎಂದೂ ಅತ್ತಳು.

ಆ ದಿನವೇ ಮನೆಗೆ ಹೋದವಳು ಬೇವಿನ ಮರದ ಕೆಳಗೆ ದ್ರೌಪದಿ ಹಿಂಡುತ್ತಿದ್ದ ಅರಿವೆಯ ಇನ್ನೊಂದು ತುದಿ ಹಿಡಿದುಕೊಂಡು, ಬಚ್ಚಿಟ್ಟದ್ದನ್ನೆಲ್ಲ ಹೇಳಿದಳು. ದ್ರೌಪದಿ ಅರಿವೆ ಹಿಂಡಿ ಮುಗಿಸಿದಳು.

‘ಗೊತ್ತದ ಅಕ್ಕಾ. ಎಲ್ಲಾರ್ಗೂ ನೀ ಅದನ್ನೇ ಮೊದಲ ಕೇಳಾಕತ್ತಾಗಲೇ ತಿಳೀತು. ನೀ ಎಂದು ಹೇಳ್ತಿ ಅಂತ ಕಾಯಾಕತ್ತಿದ್ದೆ.’

ಅಕ್ಕನ ಕಣ್ಣನ್ನು ಒದ್ದೆ ಕೈಯಲ್ಲೇ ಒರೆಸಿದಳು.

ತೊಟ್ಟಿಲು ಕಾರ್ಯ ಮುಗಿದ ಮುಂದಿನ ಸೋಮವಾರ, ಬಿಸಿಲು ನೆತ್ತಿಗೆ ಬಂದು ಊರೆಲ್ಲ ಹೊಲದಲ್ಲಿದ್ದ ಹೊತ್ತು, ಗುರುಲಿಂಗಮ್ಮ ಒಬ್ಬಳೇ ಕೇರಿಗೆ ನಡೆದು ಬಂದಳು. ಆ ಮನೆಯ ಹೆಣ್ಣು ಅತ್ತ ಕಾಲಿಟ್ಟದ್ದು ಅದೇ ಮೊದಲು. ಕಂಕುಳಲ್ಲಿ ಒಂದು ಗಂಟು. ಹೆರಿಗೆ ಮಾಡಿಸಿದ್ದಕ್ಕೆ ಆಯ ಕೊಡಲು ಬಂದಿರಬೇಕೆಂದು ಸಾಯಮ್ಮ ಗಡಬಡಿಸಿ ಎದ್ದು ನಿಂತಳು. ಗುರುಲಿಂಗಮ್ಮ ಗಂಟನ್ನು ದ್ರೌಪದಿಯ ಮುಂದೆ ಇಟ್ಟು ಬಿಚ್ಚಿದಳು. ಹಳೆಯ ನೂಲಿನ ಸೀರೆಗಳು, ತೊಳೆದು ತೊಳೆದು ಬೆಣ್ಣೆಯಂತೆ ಮೆತ್ತಗಾದವು, ಗೇಣು ಅಗಲಕ್ಕೆ ಹರಿದು ನಾಲ್ಕು ಮಡಿಕೆ ಮಾಡಿದ್ದವು. ಆ ಮಡಿಕೆಯ ಗುರುತು ದ್ರೌಪದಿಗೆ ಕಂಡ ಕೂಡಲೇ ಹತ್ತಿತು. ಅವಳು ದಿನವೂ ಮಡಿಚುತ್ತಿದ್ದುದು ಹಾಗೆಯೇ.

ಮನ್ಮಥ ಹುಟ್ಟುವಾಗ ಎರಡು ದಿನ ಹಿಡಿಯಿತು ಎಂದಳು ಗುರುಲಿಂಗಮ್ಮ. ಅತ್ತೆ ತಡಕೊ ಅಂದಿದ್ದಳು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ಹೆಚ್ಚಲ್ಲ, ಹನಿ ಹನಿ. ಮೂರು ಸ್ನಾನ ಅದಕ್ಕೇ, ಲೋಬಾನ ಅದಕ್ಕೇ. ಗಂಡನಿಗೂ ಹೇಳಿರಲಿಲ್ಲ. ಯಾವ ಪಾಪಕ್ಕೆ ಇದು ಎಂದು ದಿನಕ್ಕೆ ಮೂರು ಸಲ ಲಿಂಗವನ್ನು ಕೇಳುತ್ತಿದ್ದಳು. ಜನ ಅದನ್ನು ಭಕ್ತಿ ಎಂದರು.

‘ಹರಿದ ಮೋಟ ನಿನ್ನ ಗಂಡ ಹೊಲೀತಾನಲ್ಲ ಸಾಯವ್ವ,’ ಎಂದಳು. ‘ಇದನ್ನ ಹೊಲಿಯಾಕ ಬರ್ತದೇನು?’

‘ಸತ್ತ ತೊಗಲಿಂದು ನಮಗ ಗೊತ್ತದರಿ ಅವ್ವಾರ. ಜೀವಂತದ್ದು ಗೊತ್ತಿಲ್ಲ,’ ಎಂದಳು ಸಾಯಮ್ಮ. ಕೆಸರು ಆರಿದ ಮೇಲೆ ಜಹೀರಾಬಾದಿನ ದವಾಖಾನೆಯಲ್ಲಿ ಕೇಳಿ ನೋಡಬಹುದು ಎಂದಳು. ಹೋದರೆ ನಿನ್ನ ತಂಗಿಯನ್ನೂ ನನ್ನ ಬಂಡಿಯಲ್ಲೇ ಕರೆದೊಯ್ಯುತ್ತೇನೆ ಎಂದಳು ಗುರುಲಿಂಗಮ್ಮ.

ಗುರುಲಿಂಗಮ್ಮ ಬಿಸಿಲಲ್ಲಿ ಹಾಗೇ ನಿಂತಿದ್ದಳು, ಎಲ್ಲ ಮನೆಗಳ ಬಾಗಿಲಲ್ಲಿ ನಿಂತಂತೆ. ದ್ರೌಪದಿ ತಾನು ಕೂತಿದ್ದ ಹಾಸುಗಲ್ಲಿನ ಮೇಲೆ ಒಂದಿಷ್ಟು ಸರಿದಳು. ಒದ್ದೆಯಾಗಿದ್ದ ಜಾಗವನ್ನು ಕೈಯಿಂದ ಒರೆಸಿದಳು.

‘ಕೂಡ್ರಿ ಅವ್ವಾರ. ಇಲ್ಲಿ ಒದ್ದಿ ಆದ್ರ ಯಾರೂ ಏನೂ ಅನ್ನಂಗಿಲ್ಲ.’

ಇಪ್ಪತ್ತನಾಲ್ಕು ವರ್ಷ ಯಾರ ಮನೆಯ ಚಾಪೆಯ ಮೇಲೂ ಕೂರದಿದ್ದ ಗುರುಲಿಂಗಮ್ಮ ಸೀರೆ ಸರಿಪಡಿಸಿಕೊಂಡು ಆ ಕಲ್ಲಿನ ಮೇಲೆ ಕೂತಳು.